ಸಿದ್ಧಾಂತಗ್ರಂಥಗಳ ಪ್ರತಿಲಿಪಿ ಮತ್ತು ಶ್ರುತರಕ್ಷಣೆ

ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮೀ ಪರ್ವವು ಗ್ರಂಥಪೂಜೆಯ ದಿನವೆಂದು ಎಲ್ಲರಿಗೂ ವಿದಿತವೇ ಆಗಿದೆ. ಅದರ ಮೂಲದಲ್ಲಿರುವುದು ನಷ್ಟಭಯ. ಗಿರಿನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮೊಡನೆಯೇ ಶ್ರುತವು ವಿಚ್ಛಿನ್ನವಾದೀತೆಂದು ಶಂಕಿಸಿ ಇಬ್ಬರು ಸಮರ್ಥ ಮುನಿಗಳನ್ನು ಬರಮಾಡಿಕೊಂಡರು. ಹಾಗೆ ಬಂದ ಪುಷ್ಪದಂತರು ಸತ್ಪ್ರರೂಪಣೆಯ ಸೂತ್ರಗಳನ್ನೂ ಭೂತಬಲಿಗಳು ಉಳಿದ ಭಾಗವನ್ನೂ ರಚಿಸಲಾಗಿ ಷಟ್‌ಖಂಡಾಗಮವು ಲಿಪಿಬದ್ಧವಾಯಿತು. ಆದರೆ ಲಿಪಿಬದ್ಧವಾದ ಮಾತ್ರಕ್ಕೆ ಅಪಾಯವು ತೀರಲಿಲ್ಲ. ನೆನಪಿನಲ್ಲಿದ್ದದ್ದು ಓಲೆಗೆ ಬಂದಾಗ ಮರೆವಿನ ಭಯ ಕಡಿಮೆಯಾಯಿತು. ಹುಳು, ತೇವ, ಬೆಂಕಿಗಳ ಭಯ ಹುಟ್ಟಿಕೊಂಡಿತು. ಆಧಾರವು ಬದಲಾದಾಗ ಅಪಾಯದ ಸ್ವರೂಪವು ಬದಲಾಗುತ್ತದೆಯೇ ಹೊರತು ಅಪಾಯವು ಇಲ್ಲವಾಗುವುದಿಲ್ಲ. ಶ್ರುತರಕ್ಷಣೆಯ ಮುಂದಿನ ಇತಿಹಾಸವೆಲ್ಲ ಇದಕ್ಕೆ ಸಾಕ್ಷಿಯಾಗಿದೆ.

ಈ ಅಪಾಯಕ್ಕೆ ಪೂರ್ವಿಕರು ಕಂಡುಕೊಂಡ ಪರಿಹಾರವೆಂದರೆ ಪ್ರತಿ ಮಾಡಿಸುವುದು. ಕನ್ನಡ ನಾಡಿನಲ್ಲಿ ಇದರ ಉಜ್ಜ್ವಲ ನಿದರ್ಶನ ದಾನಚಿಂತಾಮಣಿ ಅತ್ತಿಮಬ್ಬೆ. ತನ್ನ ತಂದೆ ಮಲ್ಲಪನೂ ಆತನ ಸೋದರ ಪುನ್ನಮಯ್ಯನೂ ಬರೆಯಿಸಿದ್ದ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಆಕೆ ಮಾಡಿಸಿ ಹಂಚಿದಳು. ಆಕೆಯ ಆಶ್ರಯದಲ್ಲಿದ್ದ ರನ್ನನು ಅಜಿತಪುರಾಣವನ್ನು ಮುಗಿಸಿದ್ದು ಕ್ರಿ.ಶ. 993ರಲ್ಲಿ. ಇಂದು ಶಾಂತಿಪುರಾಣವು ದೊರೆಯುತ್ತದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯವು ದೊರೆಯುವುದಿಲ್ಲ. ರನ್ನನ ಪರಶುರಾಮಚರಿತ, ಚಕ್ರೇಶ್ವರಚರಿತಗಳ ಗತಿಯೂ ಅದೇ. ಕವಿಯ ಕೀರ್ತಿಯೊಂದೇ ಕೃತಿಯನ್ನು ಕಾಯಲಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದೇ ಪರಂಪರೆಯಲ್ಲಿ ಮೂಡುಬಿದಿರೆಯ ಸಿದ್ಧಾಂತಗ್ರಂಥಗಳನ್ನೂ ನೋಡಬೇಕು. ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಪ್ರಮಾಣ 72,000 ಶ್ಲೋಕ, ಡಾ. ಹೀರಾಲಾಲ್ ಜೈನರ ಗಣನೆಯಂತೆ ಅದು ಪೂರ್ಣಗೊಂಡದ್ದು ಕ್ರಿ.ಶ. 816ರಲ್ಲಿ. ಗುಣಧರಾಚಾರ್ಯರ ಕಷಾಯಪ್ರಾಭೃತಕ್ಕೆ ವೀರಸೇನರು ಆರಂಭಿಸಿ ಜಿನಸೇನರು ಶಕ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ, ಮುಗಿಸಿದ ಜಯಧವಲೆಯ ಪ್ರಮಾಣ 60,000 ಶ್ಲೋಕ. ಮಹಾಧವಲವೆಂದು ಪ್ರಸಿದ್ಧವಾದ ಮಹಾಬಂಧವು ಭೂತಬಲಿಗಳದೇ ರಚನೆ, ಷಟ್‌ಖಂಡಾಗಮದ ಆರನೆಯ ಖಂಡ. ಧವಲೆಯ ಓಲೆಪ್ರತಿಯನ್ನು ದೇಮಿಯಕ್ಕನು ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯು ಅಂತಹದೇ ವ್ರತದ ಉದ್ಯಾಪನೆಗೆ ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಪ್ರತಿ ಮಾಡಿಸುವುದು ಈ ಸ್ತ್ರೀಯರಿಗೆ ಶಾಸ್ತ್ರದಾನ. ಗ್ರಂಥಕ್ಕೆ ಅದು ಮರುಹುಟ್ಟು. ಪ್ರತಿಲಿಪಿಯ ಕಾರ್ಯವು ವ್ರತದೊಡನೆ ಕೂಡಿಕೊಂಡದ್ದರಿಂದ ಅದು ಒಬ್ಬರ ಉತ್ಸಾಹವನ್ನೇ ನಂಬಿ ನಿಲ್ಲದೆ ಕಾಲಕಾಲಕ್ಕೆ ನಡೆಯುವಂತಾಯಿತು.

ಆದರೆ ಕಾಲಕ್ರಮದಲ್ಲಿ ಈ ಗ್ರಂಥಗಳ ಪಾರಾಯಣ ನಿಂತು ದರ್ಶನ ಮಾತ್ರ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಮೂಡುಬಿದಿರೆಯ ಸಿದ್ಧಾಂತಬಸದಿಯ ಓಲೆಗಳಲ್ಲದೆ ಬೇರೆಲ್ಲಿಯೂ ಇವುಗಳ ಪ್ರತಿ ಇದ್ದಂತೆ ತಿಳಿದಿರಲಿಲ್ಲ. ಒಂದು ಮಳೆಗಾಲದ ಸೋರಿಕೆ ಅಥವಾ ಒಂದು ದೀಪದ ಕಿಡಿ ದ್ವಾದಶಾಂಗದ ಉಳಿದ ಅಂಶವನ್ನು ಅಳಿಸಿಬಿಡಬಹುದಾಗಿತ್ತು. ಸೊಲ್ಲಾಪುರದ ಸೇಠ್ ಹೀರಾಚಂದ್ ನೇಮಚಂದ್ ಮತ್ತು ಮುಂಬಯಿಯ ಸೇಠ್ ಮಾಣಿಕಚಂದ್ ಅವರ ಪ್ರಯತ್ನದಿಂದ 1896ರಲ್ಲಿ ಪ್ರತಿಲಿಪಿಯ ಕಾರ್ಯ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜದ ಗಜಪತಿ ಉಪಾಧ್ಯಾಯರೂ ಬರವಣಿಗೆಗೆ ತೊಡಗಿದರು. ಬ್ರಹ್ಮಸೂರಿ ಶಾಸ್ತ್ರಿಗಳ ದೇಹಾವಸಾನದ ನಂತರ ಉಪಾಧ್ಯಾಯರು ಮುಂದುವರಿಸಿದರು. ಮಹಾಬಂಧವೂ ಸೇರಿ ಎಲ್ಲವೂ ಮುಗಿದುದು 1922ರಲ್ಲಿ. ಹಿಡಿದ ಕಾಲ 26 ವರ್ಷ.

ಪ್ರತಿಗಳು ಮೂಡುಬಿದಿರೆಯಲ್ಲಿಯೇ ಇರತಕ್ಕದ್ದೆಂಬುದು ಭಂಡಾರದ ಅಧಿಕಾರಿಗಳ ನಿಲುವಾಗಿತ್ತು. ಇದನ್ನು ಕೇವಲ ಸಂಕುಚಿತತೆ ಎಂದು ಹೇಳುವುದು ನ್ಯಾಯವಲ್ಲ. ಶತಮಾನಗಳ ರಾಜ್ಯಕ್ರಾಂತಿಗಳ ನಡುವೆ ಓಲೆಗಳು ಉಳಿದದ್ದು ಆ ಕಟ್ಟುನಿಟ್ಟಿನಿಂದಲೇ. ಅವರು ಕಾಯದಿದ್ದರೆ ಪ್ರತಿ ಮಾಡಲು ಮೂಲವೇ ಇರುತ್ತಿರಲಿಲ್ಲ. ಆದರೂ ಒಂದು ವಿಷಯ ವಿಚಾರಣೀಯವಾಗಿದೆ. ಮೂಲವೂ ಪ್ರತಿಯೂ ಒಂದೇ ಸೂರಿನ ಕೆಳಗಿದ್ದರೆ ಹುಳು ತಿಂದ ಒಂದು ಓಲೆಯ ನಷ್ಟವನ್ನು ತುಂಬಿಕೊಳ್ಳಬಹುದು. ಆ ಸೂರಿಗೇ ಬಂದ ಆಪತ್ತಿನಿಂದ ಎರಡೂ ಒಟ್ಟಿಗೆ ಹೋಗುತ್ತವೆ.

ಈ ಕೊರತೆಯನ್ನು ತುಂಬಿದ ಘಟನೆ ವಿಲಕ್ಷಣವಾದುದು. ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಮಾಡಿಕೊಂಡರು. ಗುಪ್ತವಾಗಿ ಮಾಡಿದುದೆಂಬ ಕಾರಣದಿಂದ ಮೇಲೆ ಹೇಳಿದ ಇಬ್ಬರು ಸೇಠರೂ ಅದನ್ನು ಸ್ವೀಕರಿಸಲಿಲ್ಲ. ಸಹಾರನ್‌ಪುರದ ಲಾಲಾ ಜಂಬೂಪ್ರಸಾದರು ಅದನ್ನು ಪಡೆದು ತಮ್ಮ ಮಂದಿರದಲ್ಲಿ ಇರಿಸಿದರು. ಅಲ್ಲಿ ಪಂಡಿತ ವಿಜಯಚಂದ್ರಯ್ಯ ಮತ್ತು ಪಂಡಿತ ಸೀತಾರಾಮ ಶಾಸ್ತ್ರಿಗಳಿಂದ ನಾಗರಿಗೆ ಲಿಪ್ಯಂತರವಾಯಿತು; ಶಾಸ್ತ್ರಿಗಳು ತಮ್ಮಲ್ಲಿ ಉಳಿಸಿಕೊಂಡ ಪ್ರತಿಯಿಂದ ಅಮರಾವತಿ, ಕಾರಂಜಾ, ಆರಾ ಮುಂತಾದ ಕಡೆಗೆ ಗ್ರಂಥವು ಹರಡಿತು. ಈ ಪ್ರತಿಗಳ ಆಧಾರದಿಂದಲೇ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟವು 1939ರಲ್ಲಿ ಅಚ್ಚಾಯಿತು. ಅದತ್ತಾದಾನದ ದೋಷವಿಚಾರವು ಬೇರೆ. ಹರಡುವಿಕೆಯೇ ರಕ್ಷೆಯಾಯಿತೆಂಬ ಮಾತು ನಿರ್ವಿವಾದ.

ಹಾಗೆಂದು ಪ್ರತಿಗಳು ಹೆಚ್ಚಾದರೆ ಸಾಕೆಂದೂ ಹೇಳುವಂತಿಲ್ಲ. ಹಳಗನ್ನಡ ಲಿಪಿಯಿಂದ ಕನ್ನಡಕ್ಕೆ, ಕನ್ನಡದಿಂದ ನಾಗರಿಗೆ, ಒಂದು ನಾಗರಿ ಪ್ರತಿಯಿಂದ ಮತ್ತೊಂದಕ್ಕೆ ಹೋಗುವಾಗ ಪಾಠಗಳು ಸ್ಖಲಿತವಾದವು. ಸತ್ಪ್ರರೂಪಣೆಯ 93ನೆಯ ಸೂತ್ರದ ‘ಸಂಜದ’ ಪದದ ವಿವಾದವು ಪಂಡಿತರಿಗೆ ತಿಳಿದದ್ದೇ. ದೊರೆತ ಪ್ರತಿಗಳಲ್ಲಿ ಆ ಪದವಿರಲಿಲ್ಲ. ಅರ್ಥಸಂಗತಿಯಿಂದ ಅದು ಇರಬೇಕೆಂದು ಸಂಪಾದಕರು ಸೂಚಿಸಿದ್ದರು. ಮುಂದೆ ಮೂಡುಬಿದಿರೆಯ ಓಲೆಗಳೊಡನೆ ಹೋಲಿಸಿದಾಗ ಅದು ಅಲ್ಲಿ ಕಂಡುಬಂದಿತು. ಒಂದು ಪದದ ಲೋಪ, ಸ್ತ್ರೀಯರ ಗುಣಸ್ಥಾನಗಳಂತಹ ಸಿದ್ಧಾಂತದ ಪ್ರಶ್ನೆಯನ್ನೇ ಅಲುಗಿಸಿತ್ತು. ಮೂಲವನ್ನು ಕಾದವರೂ ಪ್ರತಿಯನ್ನು ಹರಡಿದವರೂ ಪರಸ್ಪರ ಪೂರಕರೆಂಬುದು ಇಲ್ಲಿ ಸಿದ್ಧವಾಗುತ್ತದೆ.

ಮಹಾಬಂಧದ ವಿಷಯದಲ್ಲಿ ಇಂತಹ ಪರಿಹಾರವೂ ಒದಗಲಿಲ್ಲ. ಅದರ ಏಕೈಕ ಪ್ರತಿಯ ಕೆಲವು ಓಲೆಗಳು ಪ್ರತಿಲಿಪಿಗೆ ಮುಂಚೆಯೇ ನಷ್ಟವಾಗಿದ್ದವು. ಭಾರತೀಯ ಜ್ಞಾನಪೀಠವು 1947ರಿಂದ ಏಳು ಸಂಪುಟಗಳಲ್ಲಿ ಗ್ರಂಥವನ್ನು ಪ್ರಕಟಿಸಿದರೂ ಆ ಭಾಗಗಳು ಬರಿದಾಗಿಯೇ ಉಳಿದವು. ಈ ನಷ್ಟದಿಂದ ವ್ಯಾಕುಲರಾದ ಆಚಾರ್ಯ ಶಾಂತಿಸಾಗರರು ಸಿದ್ಧಾಂತಗ್ರಂಥಗಳನ್ನು ತಾಮ್ರಪತ್ರಗಳಲ್ಲಿ ಕೆತ್ತಿಸುವಂತೆ ಪ್ರೇರೇಪಿಸಿದರು. ತಾಮ್ರಕ್ಕೆ ಹುಳು ಹತ್ತುವುದಿಲ್ಲ. ಆದರೆ ಹೋದ ಓಲೆಯ ಸೂತ್ರವನ್ನು ತಾಮ್ರವೂ ಹಿಂದಕ್ಕೆ ತರಲಾರದು.

ಈಗ ಓಲೆಗಳ ಛಾಯಾಪ್ರತಿಗಳು ಕಂಪ್ಯೂಟರಿನ ಡಿಸ್ಕುಗಳಲ್ಲಿ ಸಂಗ್ರಹವಾಗುತ್ತಿವೆ. ಲಿಪಿಕಾರನ ಸ್ಖಾಲಿತ್ಯವಿಲ್ಲದೆ ಅಕ್ಷರದ ರೂಪ, ಓಲೆಯ ಚಿತ್ರ, ಅಂಚಿನ ಟಿಪ್ಪಣಿಗಳೆಲ್ಲ ಅದರಲ್ಲಿ ಬರುತ್ತವೆ. ಆದರೆ ಶ್ರೀತಾಳದ ಓಲೆ ಎಂಟುನೂರು ವರ್ಷ ಬಾಳಿದೆ. ಡಿಸ್ಕು ಕೆಲವೇ ವರ್ಷಗಳಲ್ಲಿ ಕೆಡುವುದು ಸಾಮಾನ್ಯ. ಕೆಡುವ ಮೊದಲು ಓಲೆಯಂತೆ ಬಣ್ಣಗೆಡುವುದಿಲ್ಲ, ಅಂಚು ಮುರಿಯುವುದಿಲ್ಲ; ಮುನ್ಸೂಚನೆಯಿಲ್ಲದೆ ಮೌನವಾಗಬಹುದು. ಆದುದರಿಂದ ಈ ವಿಷಯದ ತಜ್ಞರು ಹೇಳುವ ನಿಯಮ ಹೀಗಿದೆ: ಪ್ರತಿಗಳು ಮೂರು ಇರಬೇಕು, ಎರಡು ಬಗೆಯ ಆಧಾರಗಳ ಮೇಲಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು. ಅತ್ತಿಮಬ್ಬೆಯ ಸಾವಿರ ಪ್ರತಿ, ಓಲೆಯೊಡನೆ ತಾಮ್ರ, ಸಹಾರನ್‌ಪುರದ ಗಂಟು—ಈ ಮೂರರಲ್ಲಿ ಆ ನಿಯಮವು ಹೆಸರಿಲ್ಲದೆಯೇ ಇದೆ.

ಪ್ರತಿಯ ಶುದ್ಧಿಪರೀಕ್ಷೆಗೂ ಪೂರ್ವಪದ್ಧತಿಯುಂಟು. ಹಸ್ತಪ್ರತಿಯ ಕೊನೆಯಲ್ಲಿ 32 ಅಕ್ಷರಕ್ಕೆ ಒಂದರಂತೆ ಲೆಕ್ಕವಿಟ್ಟು ಬರೆಯುವ ಗ್ರಂಥಾಗ್ರವು ಲಿಪಿಕಾರನ ಕೂಲಿಗೆ ಅಳತೆಯಾದಂತೆ ಗ್ರಂಥದ ಪೂರ್ಣತೆಗೂ ಅಳತೆಯಾಗಿತ್ತು. ಕಂಪ್ಯೂಟರಿನಲ್ಲಿ ಚೆಕ್‌ಸಮ್ ಎಂಬ ಅಂಕವು ಇದೇ ಕೆಲಸವನ್ನು ಇನ್ನೂ ಸೂಕ್ಷ್ಮವಾಗಿ ಮಾಡುತ್ತದೆ. ಒಂದು ಅಕ್ಷರ ವ್ಯತ್ಯಾಸವಾದರೂ ಅಂಕವು ಬದಲಾಗುತ್ತದೆ. ಭಂಡಾರಗಳಲ್ಲಿ ಈ ಅಂಕವನ್ನು ಬರೆದಿಟ್ಟು ನಿಯತಕಾಲದಲ್ಲಿ ಹೋಲಿಸಿ ನೋಡುವುದು ಅವಶ್ಯ. ತೆರೆದು ಓದಿ ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಲಾಗದು.

ಇಷ್ಟರಿಂದ ಫಲಿಸುವುದೇನೆಂದರೆ, ರಕ್ಷಣೆಯು ಒಮ್ಮೆ ಮಾಡಿ ಮುಗಿಸುವ ಕಾರ್ಯವಲ್ಲ. ದೇಮಿಯಕ್ಕ, ಮಲ್ಲಿಕಬ್ಬೆಯರು ಅದನ್ನು ನೋಂಪಿಯೊಡನೆ ಕೂಡಿಸಿದ್ದರು. ಶ್ರುತಪಂಚಮಿಯಂದು ಗ್ರಂಥಗಳನ್ನು ಬಿಸಿಲಿಗೆ ತೋರಿ, ಧೂಳೊರಸಿ, ಹೊಸ ವಸ್ತ್ರದಲ್ಲಿ ಕಟ್ಟುವ ರೂಢಿಯು ಅನೇಕ ಬಸದಿಗಳಲ್ಲಿದೆ. ಅದೇ ದಿನ ಡಿಸ್ಕುಗಳನ್ನೂ ತೆರೆದು ನೋಡಿ, ಹಳತಾದುದರಿಂದ ಹೊಸತಕ್ಕೆ ಪ್ರತಿ ಮಾಡಿ, ಒಂದನ್ನು ದೂರದ ಭಂಡಾರಕ್ಕೆ ಕಳುಹಿಸಿದರೆ ಪರ್ವದ ಉದ್ದೇಶವು ಸಾರ್ಥಕವಾಗುತ್ತದೆ. ಓದದೆ ಉಳಿದಿರುವ ಓಲೆಗಳು ನಾಡಿನ ಬಸದಿಗಳಲ್ಲಿಯೂ ಮನೆಗಳಲ್ಲಿಯೂ ಇನ್ನೂ ಇವೆ. ಅವುಗಳಲ್ಲಿ ಏಕೈಕ ಪ್ರತಿಯಾಗಿರುವವುಗಳಿಗೆ ಮೊದಲ ಸರದಿ ಸಲ್ಲಬೇಕು.