ಗುನ್ನೆ, ಗಡಿ, ಗುಮಾನಿ: ಭೀಮಾ ತೀರದ ಅಪನಂಬಿಕೆಯ ಚರಿತ್ರೆ

2023ರ ಜೂನ್ 15ರಂದು ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ನೆಲೋಗಿ ಠಾಣೆಯ ಹೆಡ್ ಕಾನ್ಸ್‌ಟೇಬಲ್ ಒಬ್ಬರು ಅಕ್ರಮ ಮರಳಿನ ಟ್ರ್ಯಾಕ್ಟರನ್ನು ತಡೆಯಲು ಹೋಗಿ ಅದರ ಗಾಲಿಯಡಿ ಸಿಕ್ಕು ಸತ್ತರು. ಠಾಣೆಗೆ ಗೊತ್ತಿಲ್ಲದೆ ಮರಳು ಗಾಡಿ ಓಡಾಡದು ಎಂಬ ಗುಮಾನಿ ಭೀಮಾ ತೀರದುದ್ದಕ್ಕೂ ಹಳೆಯದು. ಆ ಗುಮಾನಿಯ ನಡುವೆಯೇ ಖಾಕಿ ತೊಟ್ಟವರೊಬ್ಬರು ಮರಳಿಗೆ ಬಲಿಯಾಗಿದ್ದರು. ಪೊಲೀಸರನ್ನು ನಂಬದ ಊರುಗಳ ಕತೆ ಹೇಳುವಾಗ ಈ ಸಾವನ್ನು ಬದಿಗಿಡಲಾಗದು. ಕೆಳಗಿನ ಹಂತದ ಪೇದೆಗೂ ವ್ಯವಸ್ಥೆಯ ರಕ್ಷಣೆ ಎಷ್ಟು ತೆಳುವೆಂದು ಅದು ತೋರಿಸುತ್ತದೆ.

ಈ ಅಪನಂಬಿಕೆ ಇತ್ತೀಚಿನದಲ್ಲ. 1948ರವರೆಗೆ ಆಳಂದ, ಅಫಜಲಪುರ, ಜೇವರ್ಗಿ ಸೀಮೆ ನಿಜಾಮನ ಗುಲ್ಬರ್ಗಾ (ಇಂದಿನ ಕಲಬುರಗಿ) ಜಿಲ್ಲೆಗೆ ಸೇರಿತ್ತು. ಪಕ್ಕದ ಇಂಡಿ, ಸಿಂದಗಿಗಳು ಬ್ರಿಟಿಷರ ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯಲ್ಲಿದ್ದವು. ಅಫಜಲಪುರದ ಬಳಿ ಹೊಳೆಯೇ ಗಡಿ, ಜೇವರ್ಗಿಯ ಕಡೆ ಹೊಲದ ಬದುವೇ ಗಡಿ. ಕೊಲೆ ಮಾಡಿದವ ಹೊಳೆ ದಾಟಿದರೆ ಬೇರೊಂದು ರಾಜ್ಯ, ಬೇರೊಂದು ಕಾನೂನು, ಬೇರೊಂದು ಕೋರ್ಟು. ಇಂದು ನಿಜಾಮನ ಗಡಿ ಅಳಿದಿದೆ, ಆದರೆ ಮಹಾರಾಷ್ಟ್ರದ ಗಡಿ ಆಳಂದ, ಅಫಜಲಪುರಗಳಿಗೆ ಅಂಟಿಕೊಂಡೇ ಇದೆ.

ಊರೊಳಗಿನ ಆಡಳಿತ ಪಾಟೀಲನ ಕೈಯಲ್ಲಿತ್ತು. ಕಂದಾಯ ನೋಡುವವ ಮಾಲಿ ಪಾಟೀಲ, ಗುನ್ನೆ ನೋಡುವವ ಪೊಲೀಸ್ ಪಾಟೀಲ. ಎರಡೂ ಇವತ್ತು ಈ ಭಾಗದ ಮನೆತನಗಳ ಅಡ್ಡಹೆಸರಾಗಿ ಉಳಿದಿವೆ. ಹುದ್ದೆ ವಂಶದ್ದು, ಅಂದರೆ ಫಿರ್ಯಾದಿ ಕೇಳುವವನು ಬಹಳ ಸಲ ಊರಿನ ದೊಡ್ಡ ಜಮೀನ್ದಾರನೇ, ಒಮ್ಮೊಮ್ಮೆ ಆರೋಪಿಯ ಬೀಗನೂ. ಕೂಲಿಯವನು ತನ್ನ ಮೇಲಾದ ಹಲ್ಲೆಯನ್ನು ಯಾರ ಮುಂದೆ ಹೇಳಬೇಕಿತ್ತು? ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡುವ ಕಾಯ್ದೆ ಕರ್ನಾಟಕದಲ್ಲಿ 1961ರಲ್ಲಿ ಬಂತು. ನಿಜಾಮನ ಕಾಲದಲ್ಲಿ ಮೇಲಿನ ಕಚೇರಿಗಳ ಭಾಷೆಯೋ ಉರ್ದು. ಗುನ್ನೆ, ಪಂಚನಾಮೆ, ಜಾಮೀನು, ತಾರೀಖು ಎಂಬ ಮಾತುಗಳು ಹಳ್ಳಿಯವರ ಬಾಯಲ್ಲಿ ಸಲೀಸಾಗಿ ಹೊರಳುತ್ತವೆ, ಆದರೆ ಅವನ್ನು ಬರೆದ ಕಾಗದದಲ್ಲಿ ಏನಿದೆಯೆಂದು ಬಹಳ ಮಂದಿಗೆ ಇನ್ನೊಬ್ಬರು ಓದಿ ಹೇಳಬೇಕಿತ್ತು.

1947–48ರಲ್ಲಿ ನಿಜಾಮನ ಪರ ಪಡೆಯಾದ ರಜಾಕಾರರ ಹಾವಳಿ. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ‘ಪೊಲೀಸ್ ಕಾರ್ಯಾಚರಣೆ’ಯ ಬೆನ್ನಿಗೆ ಮುಸ್ಲಿಮರ ಮೇಲೆ ಪ್ರತೀಕಾರ. ಭಾರತ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಹೈದರಾಬಾದ್ ಸಂಸ್ಥಾನದಲ್ಲಿ ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ ಒಂದೆಂದು ಗುರುತಿಸಿತು. ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಒಂದು ತಲೆಮಾರು ತನ್ನ ಕಣ್ಣೆದುರಿನ ಕೊಲೆಗಳು ಸರ್ಕಾರದ ಕಡತದೊಳಗೆ ಮುಚ್ಚಿಹೋದದ್ದನ್ನು ನೋಡಿತು.

ಅಪನಂಬಿಕೆ ಹಳ್ಳಿಯವರದು ಮಾತ್ರವೆಂದುಕೊಂಡರೆ ತಪ್ಪಾದೀತು. ಕಾನೂನಿಗೇ ಪೊಲೀಸರ ಮೇಲೆ ನಂಬಿಕೆ ಇಲ್ಲ! ಬಳ್ಳಾರಿಯೂ ಸೇರಿದ್ದ ಮದರಾಸು ಪ್ರಾಂತ್ಯದಲ್ಲಿ ಚಿತ್ರಹಿಂಸೆಯ ದೂರುಗಳನ್ನು ತನಿಖೆ ಮಾಡಿದ ಆಯೋಗ 1855ರಲ್ಲಿ ವರದಿ ಕೊಟ್ಟಿತು. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು, ಪೊಲೀಸ್ ಅಧಿಕಾರಿಯ ಮುಂದೆ ಆರೋಪಿ ಮಾಡಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ರುಜುವಾತಾಗಿ ಬಳಸಕೂಡದೆಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಆ ನಿಯಮ ಹಾಗೆಯೇ ಇದೆ. ಒಂದೂವರೆ ಶತಮಾನದ ಈ ಅನುಮಾನಕ್ಕೆ ವಕೀಲರು ಎಚ್ಚರ ಎನ್ನುತ್ತಾರೆ. ಅದೇ ಅನುಮಾನ ರೈತನಿಗೆ ಬಂದರೆ ಅಜ್ಞಾನ ಎಂದು ಕರೆಯುವ ರೂಢಿಯಿದೆ.

ಭೀಮಾ ತೀರದ ಹೆಸರು ಕೆಟ್ಟದ್ದು ಹಗೆತನದ ಕೊಲೆಗಳಿಂದ. ನಾಡಪಿಸ್ತೂಲು, ಸೇಡು, ಭೂಗತರಾದ ನಾಯಕರು, ಇವರ ಮೇಲೆ ಪುಸ್ತಕ, ಸಿನಿಮಾ ಎಲ್ಲವೂ ಬಂದವು. ಆ ರೋಚಕತೆಯಲ್ಲಿ ಮರೆಯಾದ ಸಂಗತಿಯೊಂದಿದೆ: ಸೇಡಿನ ಎರಡೂ ಬಣಗಳಿಗೆ ಠಾಣೆ ಇನ್ನೊಂದು ಆಯುಧದಂತೆ ಕಂಡಿತ್ತು. 2017ರ ಅಕ್ಟೋಬರ್ 30ರಂದು ವಿಜಯಪುರ ಜಿಲ್ಲೆಯ ಕೊಂಕಣಗಾಂವದಲ್ಲಿ ಒಂದು ಬಣದ ಧರ್ಮರಾಜ ಚಡಚಣ ಪೊಲೀಸರ ಗುಂಡಿಗೆ ಸತ್ತ. ಎನ್‌ಕೌಂಟರ್ ಎಂದರು. ಅವನ ತಮ್ಮ ಗಂಗಾಧರ ನಾಪತ್ತೆಯಾದ. ತಾಯಿ ಹೈಕೋರ್ಟಿನ ಕಲಬುರಗಿ ಪೀಠದ ಮೆಟ್ಟಿಲೇರಿದರು. ಪ್ರಕರಣ ಸಿಐಡಿಗೆ ಹೋಯಿತು. 2018ರಲ್ಲಿ ಪೊಲೀಸ್ ಅಧಿಕಾರಿಗಳೇ ಬಂಧಿತರಾದರು. ಗಂಗಾಧರನನ್ನು ಎದುರಾಳಿಗಳ ಕೈಗೆ ಒಪ್ಪಿಸಿ ಕೊಲ್ಲಿಸಿದರೆಂಬುದು ತನಿಖಾಧಿಕಾರಿಗಳ ಆರೋಪ. ಇಲ್ಲಿ ಗಮನಿಸಬೇಕಾದ್ದು ತಾಯಿ ಹೋದ ದಾರಿ. ಠಾಣೆಯನ್ನು ನಂಬದವರು ಕೋರ್ಟನ್ನೂ ಬಿಟ್ಟುಕೊಟ್ಟಿರಲಿಲ್ಲ. ಆ ದಾರಿ ಹತ್ತಿರವಾದದ್ದೂ ಈಚೆಗೆ: ಗುಲ್ಬರ್ಗಾದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಶುರುವಾದದ್ದು 2008ರಲ್ಲಿ, ಕಾಯಂ ಆದದ್ದು 2013ರಲ್ಲಿ. ಅದಕ್ಕೂ ಮೊದಲಾಗಿದ್ದರೆ ಇಂಥ ಅರ್ಜಿ ಹಿಡಿದು ಬೆಂಗಳೂರಿನ ರೈಲು ಹತ್ತಬೇಕಿತ್ತು.

ಹೆಸರುವಾಸಿಯಾದವರಿಗೂ ಇದೇ ಗತಿ. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಸಂಶೋಧಕ ಎಂ.ಎಂ. ಕಲಬುರ್ಗಿ 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆ ಬಾಗಿಲಲ್ಲಿ ಗುಂಡೇಟಿಗೆ ಬಲಿಯಾದರು. ಸಿಐಡಿ ತನಿಖೆ ವರ್ಷಗಳ ಕಾಲ ಒಂದೇ ಕಡೆ ನಿಂತಿತು. ಪತ್ನಿ ಉಮಾದೇವಿಯವರು ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2019ರ ಫೆಬ್ರುವರಿಯಲ್ಲಿ, ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯನ್ನು ಭೇದಿಸಿದ ವಿಶೇಷ ತಂಡಕ್ಕೆ ಪ್ರಕರಣ ಸಿಕ್ಕಿತು. ಅದೇ ವರ್ಷ ಆರೋಪಪಟ್ಟಿ ಸಲ್ಲಿಕೆಯಾಯಿತು.

ದಲಿತರ ಅನುಭವ ಇನ್ನೂ ಕಠೋರ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು, 2006ರಲ್ಲಿ ಆರೋಪಿಗಳ ಖುಲಾಸೆಯಾಯಿತು, 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸಾಕ್ಷಿ ಯಾಕೆ ತಿರುಗುತ್ತಾನೆಂದು ಕೇಳುವ ಮೊದಲು, ತೀರ್ಪಿನ ದಿನ ಸಂಜೆ ಅವನು ವಾಪಸ್ ಹೋಗುವುದು ಅದೇ ಊರಿಗೆ ಎಂಬುದನ್ನು ನೆನೆಯಬೇಕು. ಸಾಕ್ಷಿ ರಕ್ಷಣೆಯ ಯೋಜನೆಗೆ ಸುಪ್ರೀಂ ಕೋರ್ಟು ಒಪ್ಪಿಗೆ ಕೊಟ್ಟದ್ದು 2018ರ ಡಿಸೆಂಬರಿನಲ್ಲಿ.

ಕಲಬುರಗಿಯಂತೆ ಒಂದು ಕಾಲಕ್ಕೆ ನಿಜಾಮನ ಸೀಮೆಯಾಗಿದ್ದ ಕೊಪ್ಪಳದಲ್ಲಿ ಬೇರೊಂದು ತೀರ್ಪು ಬಂತು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಕೇರಿಗೆ ಬೆಂಕಿ ಬಿದ್ದಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳ ನ್ಯಾಯಾಲಯ 101 ಮಂದಿಗೆ ಶಿಕ್ಷೆ ವಿಧಿಸಿತು, ಅವರಲ್ಲಿ 98 ಮಂದಿಗೆ ಜೀವಾವಧಿ. ದೇಶವೇ ತಿರುಗಿ ನೋಡಿತು. ಕೆಲವೇ ವಾರಗಳಲ್ಲಿ ಹೈಕೋರ್ಟಿನ ಧಾರವಾಡ ಪೀಠದಿಂದ ಅವರಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ವಿಚಾರಣೆ ಹಿಡಿದದ್ದು ಹತ್ತು ವರ್ಷ. ತೀರ್ಪು ಬರುವಷ್ಟರಲ್ಲಿ ಆರೋಪಿಗಳ ಪೈಕಿ ಹಲವರು ತೀರಿಕೊಂಡಿದ್ದರು.