ಅತಿವಾಹಕ ಸಂಧಿಗಳು ಮತ್ತು ಕಾಂತತ್ವ: ಬೆಂಗಳೂರಿನ ಸಂಶೋಧನೆಯ ಒಂದು ಘಟ್ಟ

ಅತಿವಾಹಕತೆಗೂ ಕಾಂತತ್ವಕ್ಕೂ ಇರುವ ಸಂಬಂಧವನ್ನು ವಿಜ್ಞಾನಿಗಳು ಬಹುಕಾಲ ವೈರವೆಂದೇ ಭಾವಿಸಿದ್ದರು. ಅತಿವಾಹಕದಲ್ಲಿ ವಿರುದ್ಧ ಸ್ಪಿನ್‌ಗಳ ಎಲೆಕ್ಟ್ರಾನುಗಳು ಜೋಡಿಗೂಡಿ ರೋಧವಿಲ್ಲದೆ ಹರಿಯುತ್ತವೆ. ನಿಕಲ್‌ನಂತಹ ಕಾಂತೀಯ ಲೋಹವು ಸ್ಪಿನ್‌ಗಳನ್ನು ಒಂದೇ ದಿಕ್ಕಿಗೆಳೆದು ಆ ಜೋಡಿಯನ್ನು ಮುರಿಯುತ್ತದೆ.

ಎರಡು ಅತಿವಾಹಕಗಳ ನಡುವಣ ತೆಳುವಾದ ತಡೆಯನ್ನು ಈ ಜೋಡಿಗಳು ವೋಲ್ಟೇಜಿಲ್ಲದೆಯೇ ದಾಟಬಲ್ಲವೆಂದು ಬ್ರಯಾನ್ ಜೋಸೆಫ್‌ಸನ್ 1962ರಲ್ಲಿ ಊಹಿಸಿದರು. ತಡೆಯಲ್ಲಿ ಕಾಂತೀಯ ಪರಮಾಣುಗಳಿದ್ದರೆ ಪ್ರವಾಹದ ದಿಕ್ಕೇ ತಿರುವುಮುರುವಾಗಬಹುದೆಂದು 1977ರಲ್ಲಿ ಸೋವಿಯತ್ ಒಕ್ಕೂಟದ ಬುಲಯೆವ್‌ಸ್ಕಿ ಮತ್ತು ಸಂಗಡಿಗರು ಸೂಚಿಸಿದರು.

ಇದೇ ಅವಧಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಮತ್ತು ಪಿ. ಗಂಗೂಲಿ ಅವರು ಪದರರಚನೆಯ ಲೋಹ ಆಕ್ಸೈಡುಗಳ ವಿದ್ಯುತ್ ಹಾಗೂ ಕಾಂತೀಯ ಗುಣಗಳನ್ನು ಅಭ್ಯಸಿಸುತ್ತಿದ್ದರು. ಲ್ಯಾಂಥನಮ್-ತಾಮ್ರದ ಆಕ್ಸೈಡು ಅವುಗಳಲ್ಲೊಂದು. 1986ರಲ್ಲಿ ಜ್ಯೂರಿಕ್‌ನಲ್ಲಿ ಬೆಡ್ನೋರ್ಟ್ಸ್ ಮತ್ತು ಮ್ಯುಲ್ಲರ್ ಅತಿವಾಹಕತೆಯನ್ನು ಕಂಡದ್ದು ಬೇರಿಯಮ್ ಬೆರೆತ ಇದೇ ಬಗೆಯ ವಸ್ತುವಿನಲ್ಲಿ. ಮರುವರ್ಷ ದ್ರವ ಸಾರಜನಕದ 77 ಕೆಲ್ವಿನ್ ಉಷ್ಣತೆಯನ್ನು ಮೀರಿದ ಇಟ್ರಿಯಮ್-ಬೇರಿಯಮ್-ತಾಮ್ರದ ಆಕ್ಸೈಡಿನಲ್ಲಿ ಅತಿವಾಹಕತೆಗೆ ಕಾರಣವಾದ ಘಟಕವನ್ನು ಗುರುತಿಸಿ ಬೆಂಗಳೂರಿನ ತಂಡವು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು. ಈ ಶೀಘ್ರತೆಯ ಹಿಂದೆ ಹಲವು ವರ್ಷಗಳ ಪೂರ್ವಸಿದ್ಧತೆಯಿತ್ತು.

1987ರ ಇನ್ನೊಂದು ಕಾರ್ಯವು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಎಸ್.ವಿ. ಭಟ್, ಗಂಗೂಲಿ, ಟಿ.ವಿ. ರಾಮಕೃಷ್ಣನ್ ಮತ್ತು ರಾವ್ ಅವರು ಅದೇ ಆಕ್ಸೈಡು ಅತಿವಾಹಕ ಸ್ಥಿತಿಯಲ್ಲಿ ವಿದ್ಯುತ್ಕಾಂತೀಯ ತರಂಗಗಳನ್ನು ಹೀರುವುದನ್ನು ವರದಿ ಮಾಡಿ, ಅದರಲ್ಲಿ ಆಮ್ಲಜನಕದ ಪಾತ್ರವನ್ನು ಮುಂದಿಟ್ಟರು. ಶೂನ್ಯಕ್ಕೆ ಸಮೀಪದ ಕಾಂತಕ್ಷೇತ್ರದಲ್ಲಿ ಕಾಣುವ ಇಂತಹ ಹೀರಿಕೆಯನ್ನು ಮುಂದೆ ಕಣಗಳ ನಡುವಣ ದುರ್ಬಲ ಕೊಂಡಿಗಳಿಗೆ, ಅಂದರೆ ತಾವಾಗಿಯೇ ಏರ್ಪಟ್ಟ ಜೋಸೆಫ್‌ಸನ್ ಸಂಧಿಗಳಿಗೆ, ಸಂಬಂಧಿಸಿ ವಿವರಿಸಲಾಯಿತು. ಕಾಂತೀಯ ವಸ್ತುಗಳ ಅಧ್ಯಯನಕ್ಕೆ ಬಳಸುವ ಎಲೆಕ್ಟ್ರಾನ್ ಅನುರಣನ ವಿಧಾನವೇ ಅತಿವಾಹಕ ಸಂಧಿಗಳ ಪರೀಕ್ಷೆಗೂ ಸಾಧನವಾಯಿತೆಂಬುದು ಗಮನಾರ್ಹ.

ಉದ್ದೇಶಪೂರ್ವಕವಾಗಿ ರಚಿಸಿದ ಕಾಂತೀಯ ಸಂಧಿಯ ಇತಿಹಾಸ ಬೇರೆಡೆ ಬೆಳೆಯಿತು. 2001ರಲ್ಲಿ ರಷ್ಯಾದ ರ್ಯಾಜನೋವ್ ತಂಡವು ನಿಯೋಬಿಯಮ್ ಪದರಗಳ ನಡುವೆ ತಾಮ್ರ-ನಿಕಲ್ ಮಿಶ್ರಲೋಹವನ್ನಿರಿಸಿ ಪ್ರವಾಹದ ತಿರುವುಮುರುವನ್ನು ದೃಢಪಡಿಸಿತು. 2006ರಲ್ಲಿ ಕ್ರೋಮಿಯಮ್ ಡೈಆಕ್ಸೈಡಿನ ಮೂಲಕ ದೂರಗಾಮಿ ಅತಿಪ್ರವಾಹ ಹರಿದದ್ದು ವರದಿಯಾಯಿತು. ಸಮಾನ ಸ್ಪಿನ್‌ಗಳ ಜೋಡಿಗಳೇ ಇದಕ್ಕೆ ಕಾರಣವೆಂಬ ವಿವರಣೆ ಮುಂದೆ ಬಂದಿತು.

ಬೆಂಗಳೂರಿನ ಕಾರ್ಯವನ್ನು ಇವುಗಳ ನೇರ ಮೂಲವೆನ್ನಲಾಗದು. ಆದರೆ 1987ರ ಚರಿತ್ರೆಯನ್ನು ಕೇವಲ ಉಷ್ಣತೆಯ ಪೈಪೋಟಿಯೆಂದು ಬರೆಯುವುದು ಅಪೂರ್ಣ. ಕಾಂತೀಯ ಆಕ್ಸೈಡುಗಳ ದೀರ್ಘಾಭ್ಯಾಸವೇ ಅತಿವಾಹಕತೆಯ ಸಂಶೋಧನೆಗೆ ಇಲ್ಲಿ ನೆಲೆಗಟ್ಟಾಯಿತೆಂಬ ಅಂಶವೂ ಅದರಲ್ಲಿ ದಾಖಲಾಗಬೇಕು.