ಉಳ್ಳಾಲ ಪರಿಸರದ ವ್ಯಕ್ತಿನಾಮಗಳು: ಲಿಂಗಸೂಚನೆ ಮತ್ತು ರೂಪಭೇದ

ನೇತ್ರಾವತಿಯ ದಕ್ಷಿಣ ದಡದ ಉಳ್ಳಾಲದಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ ನಾಲ್ಕೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಹೆಸರು ಗಂಡಿನದೋ ಹೆಣ್ಣಿನದೋ ಎಂಬುದನ್ನು ಇಲ್ಲಿ ಹೆಚ್ಚಾಗಿ ತಿಳಿಸುವುದು ಅದರ ಕೊನೆಯ ಅಕ್ಷರ. ಆದರೆ ಒಂದು ಭಾಷೆಯಲ್ಲಿ ಗಂಡನ್ನು ಸೂಚಿಸುವ ಅಂತ್ಯ ಪಕ್ಕದ ಮನೆಯ ಭಾಷೆಯಲ್ಲಿ ಹೆಣ್ಣನ್ನು ಸೂಚಿಸಬಹುದು.

ಊರಿನ ಅತಿ ಪ್ರಸಿದ್ಧ ಹೆಸರು 16ನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನದು. ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ 1623ರಲ್ಲಿ ಉಳ್ಳಾಲದ ರಾಣಿಯೊಬ್ಬಳನ್ನು ಕಂಡು, ಆಕೆಯ ಹೆಸರನ್ನು ‘ಅಬಗ್ ದೇವಿ ಚೌತ್ರು’ ಎಂಬಂತೆ ಬರೆದುಕೊಂಡ. ‘ಅಬಗ್’ ಅವನ ಕಿವಿಯ ತಪ್ಪು ಎಂದು ತಳ್ಳಿಹಾಕುವುದು ಸರಿಯಲ್ಲ. ತುಳುವಿನ ಜನಪದ ಕಥನಗೀತೆಯಾದ ಸಿರಿ ಪಾಡ್ದನದಲ್ಲಿ ಬರುವ ಅವಳಿ ಸೋದರಿಯರು ಅಬ್ಬಗ ದಾರಗ. ಕೆಲವರ ಬಾಯಲ್ಲಿ ಅಬ್ಬಯ ದಾರಯ. ಅಕ್ಕ ಸೇರಿದರೆ ಹೆಸರು ಹೆಣ್ಣಿನದೆಂದು ಯಾರಿಗಾದರೂ ಗೊತ್ತಾಗುತ್ತದೆ. ಅಬ್ಬಗ ಎಂಬುದು ಮಾತ್ರ ತುಳುವರಿಗಷ್ಟೇ ಹಾಗೆ ಕೇಳುತ್ತದೆ. ಅವನ ‘ಚೌತ್ರು’ ಎಂದರೆ ‘ಚೌಟ’, ಅದು ಮನೆತನದ ಬಿರುದು. ಅಳಿಯಸಂತಾನದ ಈ ಅರಸು ಮನೆಯಲ್ಲಿ ಸೋದರಮಾವನೂ ಸೊಸೆಯೂ ಅದೇ ಬಿರುದನ್ನು ಲಿಂಗಭೇದವಿಲ್ಲದೆ ಹೊತ್ತರು.

ತುಳುವಿನ ಹಳೆಯ ಹೆಸರುಗಳಲ್ಲಿ ವಾರದ ಹೆಸರುಗಳದು ದೊಡ್ಡ ಬಳಗ. ಆದಿತ್ಯವಾರ ಹುಟ್ಟಿದವ ಐತ, ಸೋಮವಾರ ಚೋಮ, ಮಂಗಳವಾರ ಅಂಗಾರ, ಬುಧವಾರ ಬೂದ, ಗುರುವಾರ ಗುರುವ, ಶುಕ್ರವಾರ ತುಕ್ರ, ಶನಿವಾರ ತನಿಯ ಅಥವಾ ಚನಿಯ. ಶ, ಸ, ಚ, ತ ಒಂದರ ಜಾಗದಲ್ಲಿ ಇನ್ನೊಂದು ಬರುವುದು ತುಳುವಿನ ಒಳಭೇದಗಳ ಸಹಜ ನಿಯಮ. ಸೊಪ್ಪಿಗೆ ಒಂದು ಕಡೆ ತಪ್ಪು ಎಂದರೆ ಇನ್ನೊಂದು ಕಡೆ ಸಪ್ಪು, ಚಪ್ಪು. ಹಾಗಾಗಿ ಇವನ್ನು ಸಂಸ್ಕೃತದಿಂದ ಕೆಟ್ಟ ರೂಪಗಳೆಂದು ಕರೆಯುವುದು ಅನ್ಯಾಯ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮ, ಅವನ ಮಕ್ಕಳು ಚನಿಯ, ಗುರುವ ಮೂವರೂ ಈ ಬಳಗದವರೇ. ಹೆಣ್ಣಿಗೆ ಚೋಮು, ತುಕ್ರು, ಚನಿಯಾರು ಮೊದಲಾದ ರೂಪಗಳಿವೆ.

ಉಳ್ಳಾಲದ ಪಕ್ಕದ ಕುತ್ತಾರಿನಲ್ಲಿ ಜನ ಕೈಮುಗಿಯುವ ದೈವ ಕೊರಗಜ್ಜನ ಹುಟ್ಟುಹೆಸರು ತನಿಯ. ಕನ್ನಡದಲ್ಲಿ ಬರೆದಾಗ ಅಕಾರಾಂತ. ತುಳು ಬಾಯಲ್ಲಿ ಅದು ‘ತನಿಯೆ’. ರಾಮೆ, ಕೊರಗೆ ಎನ್ನುವಂತೆ ತುಳುವಿನಲ್ಲಿ ಗಂಡು ಹೆಸರು ಎಕಾರದಲ್ಲಿ ನಿಲ್ಲುತ್ತದೆ. ಗಂಗೆ, ಸೀತೆ ಎಂದು ಕೇಳಿ ರೂಢಿಯಾದ ಘಟ್ಟದ ಮೇಲಿನ ಕನ್ನಡಿಗ ಇಲ್ಲಿ ಎಡವುತ್ತಾನೆ. ತನಿಯನನ್ನು ಸಾಕಿದ ತಾಯಿ ಮೈರಕ್ಕೆ ಬೈದೆತಿ; ಅವಳ ಹೆಸರಿಗೂ ಎಕಾರವೇ ಕೊನೆ, ಹೆಣ್ಣೆಂದು ತಿಳಿಸುವುದು ‘ಅಕ್ಕೆ’ ಮತ್ತು ‘ಬೈದೆತಿ’. ಹಿಂದೆ ಮಕ್ಕಳು ಉಳಿಯದ ಮನೆಗಳಲ್ಲಿ, ಬೇರೆ ಜಾತಿಯವರೂ ಕೂಸಿಗೆ ಕೊರಗ, ಹೆಣ್ಣಾದರೆ ಕೊರಪೊಳು ಎಂದು ಹೆಸರಿಡುತ್ತಿದ್ದರು. ಯಾರನ್ನು ಅಂಗಳದಾಚೆ ನಿಲ್ಲಿಸಿದ್ದರೋ ಅವರ ಹೆಸರಿನಿಂದಲೇ ಮಗುವಿಗೆ ಆಯುಸ್ಸು ಬೇಡಿದ್ದು ಮರೆಯಬಾರದ ಸಂಗತಿ. ಕೊರಗ ಸಮುದಾಯದವರನ್ನು ಹೀನಾಯವಾಗಿ ಕಂಡ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ.

ಬಾಬು ಎಂಬ ಹೆಸರು ಈ ಕರಾವಳಿಯಲ್ಲಿ ಅಜ್ಜನದೂ ಆಗಬಹುದು, ಅಜ್ಜಿಯದೂ ಆಗಬಹುದು. ಹಳೆಯ ಕಾಗದಗಳಲ್ಲಿ ಗೊಂದಲ ಬಿಡಿಸುತ್ತಿದ್ದದ್ದು ಹಿಂದೆ ಬರುವ ಕುಲನಾಮ: ಬಾಬು ಪೂಜಾರಿ ಗಂಡು, ಬಾಬು ಪೂಜಾರ್ತಿ ಹೆಣ್ಣು; ಹಾಗೆಯೇ ಶೆಟ್ಟಿ, ಶೆಡ್ತಿ. ಈಗ ಹೆಣ್ಣುಮಕ್ಕಳೂ ಶೆಟ್ಟಿ ಎಂದೇ ಬರೆಯುವುದರಿಂದ ಲಿಂಗ ತಿಳಿಸುವ ಹೊಣೆ ಪೂರ್ತಿಯಾಗಿ ಮೊದಲ ಹೆಸರಿನ ಮೇಲೆ ಬಿದ್ದಿದೆ.

ಬ್ಯಾರಿ ಮುಸ್ಲಿಮರಲ್ಲಿ ಅರಬ್ಬಿ ಹೆಸರುಗಳು ಊರಿನ ಬಾಯಿಗೆ ಒಗ್ಗಿ ಬೇರೆ ರೂಪ ಪಡೆದಿವೆ. ಅಬೂಬಕ್ಕರ್ ಪೊಕ್ಕರ್ ಆಗುತ್ತಾನೆ, ಆಯಿಷಾ ಐಸಮ್ಮ ಆಗುತ್ತಾಳೆ. ಫಾತಿಮಾ ಪಾತುಮ್ಮ, ಖದೀಜಾ ಕದೀಜಮ್ಮ. ಇಲ್ಲಿನ ‘ಅಮ್ಮ’ ನೆರೆಯ ಹಿಂದೂ ಮನೆಗಳ ‘ಅಮ್ಮ’ನೇ. ಗಂಡಸರಿಗೆ ‘ಅಬ್ಬ’: ಉಳ್ಳಾಲದ ಶಾಸಕರಾಗಿದ್ದ ಕವಿ ಬಿ.ಎಂ. ಇದಿನಬ್ಬ, ಕಿತ್ತಳೆ ಮಾರಿ ಶಾಲೆ ಕಟ್ಟಿಸಿದ ಹರೇಕಳ ಹಾಜಬ್ಬ. ಅಬ್ಬಕ್ಕನ ಹೆಸರಿನ ಮೊದಲಿಗೂ ಇದಿನಬ್ಬರ ಹೆಸರಿನ ಕೊನೆಗೂ ಕಿವಿಗೆ ಒಂದೇ ಸದ್ದು. ನಿಂತ ಜಾಗ ಬೇರೆ, ಲಿಂಗವೂ ಬೇರೆ.

ಕೊಂಕಣಿ ಕ್ರೈಸ್ತರ ಹಳೆಯ ಹೆಸರುಗಳು ಪೋರ್ಚುಗೀಸ್ ಮೂಲದವು. ಜುವಾಂವ್, ಬಸ್ತ್ಯಾಂವ್ ಎಂಬ ಮೂಗಿನ ಧ್ವನಿಯ ಅಂತ್ಯ ಗಂಡಿನ ಗುರುತು. ಇಲ್ಲಿನ ಪೆರ್ಮನ್ನೂರಿನ ಇಗರ್ಜಿಯ ಪಾಲಕ ಸಂತನ ಹೆಸರು ಬರಹದಲ್ಲಿ ಸೆಬಾಸ್ಟಿಯನ್, ಮನೆಮಾತಿನಲ್ಲಿ ಬಸ್ತ್ಯಾಂವ್. ಇನ್ನೊಂದು ಸೂಕ್ಷ್ಮ ಕೊಂಕಣಿ ವ್ಯಾಕರಣದಲ್ಲಿದೆ: ಎಳೆಯ ಹೆಣ್ಣಿನ ಹೆಸರು ನಪುಂಸಕಲಿಂಗದಲ್ಲಿ ನಡೆಯುತ್ತದೆ. ಹುಡುಗಿ ಬಂದಳು ಎನ್ನಲು ‘ತೆಂ ಆಯ್ಲೆಂ’, ಹಿರಿಯ ಹೆಂಗಸಾದರೆ ‘ತಿ ಆಯ್ಲಿ’. ಹೆಸರು ಅದೇ ಇದ್ದರೂ ವಯಸ್ಸಿನೊಂದಿಗೆ ಅದರ ಲಿಂಗ ಬದಲಾಗುತ್ತದೆ.